ಒಂದೇ ಸಾಲಿಗೆ ಜಾಗ

ಗ್ಯುಮ್ರಿಯ ಕಲ್ಲು ಕಪ್ಪು, ಜ್ವಾಲಾಮುಖಿ ಉಗುಳಿದ್ದು.
ನೋಡಲು ಬಿರುಸು, ಉಳಿಗೆ ಬೇಗ ಒಲಿಯುತ್ತದೆ;
ತಪ್ಪಿದರೆ ಮಾತ್ರ ಮತ್ತೆ ಮುಖ ಕೊಡುವುದಿಲ್ಲ.
ನಲವತ್ತು ವರ್ಷದಿಂದ ಹೆಸರು ಕೆತ್ತುತ್ತೇನೆ.
ಅಕ್ಷರಕ್ಕಿಷ್ಟು ಅಂತ ದರ.
ಚುಕ್ಕಿಗೆ, ಗೆರೆಗೆ ದುಡ್ಡು ಕೇಳುವುದಿಲ್ಲ.

ಜಾವೆನನ ತಾಯಿ ಶೋಘಾಕಾತ್ ಬಂದಳು,
ರಟ್ಟು ಕಿತ್ತು ಮತ್ತೆ ಹೊಲಿದ ಪುಸ್ತಕ ಕಂಕುಳಲ್ಲಿ,
ಗುರುತಿಗೆ ಇಟ್ಟದ್ದು ಹಳೆಯ ಬಸ್ ಟಿಕೆಟ್ಟು.
"ಇದನ್ನೇ ಬರಿ" ಅಂದಳು.
ಬೆರಳಿಟ್ಟು ತೋರಿಸಿದಳು:
ನಗುವವನಿಗಿಂತ ಅಳುವವನು ಬಲ್ಲವನಂತೆ,
ಊಟದ ಮನೆಗಿಂತ ಸೂತಕದ ಮನೆಗೆ ಹೋಗುವುದು ಒಳ್ಳೆಯದಂತೆ.
ಹೇಳಿದವನು ಅರಸ.
ಅವನಿಗೆ ಊಟದ ಮನೆಗೇನೂ ಕೊರತೆ ಇರಲಿಲ್ಲ.

ಹಿಂದೆಯೇ ಸೊಸೆ ಅರ್ಪೆನಿಕ್.
ಅವಳ ಕೈಯಲ್ಲಿ ಪುಸ್ತಕವಿಲ್ಲ, ಬಾಯಲ್ಲಿದೆ:
ಹಿಗ್ಗುತ್ತಲೇ ಇರಿ,
ಒಮ್ಮೆ ಹೇಳಿದ್ದು ಸಾಲದೆ ಇನ್ನೊಮ್ಮೆ, ಹಿಗ್ಗಿರಿ ಅಂತ
ಸೆರೆಮನೆಯಲ್ಲಿ ಕೂತು ಒಬ್ಬ ಬರೆದ ಕಾಗದ.
"ಲಾರಿಯ ಗಾಜಿಗೆ ಇದನ್ನೇ ಅಂಟಿಸಿಕೊಂಡಿದ್ದ" ಅಂದಳು.
"ಆ ಗಾಜೇ ತಾನೆ ಒಡೆದದ್ದು" ಅಂದಳು ಅತ್ತೆ.

ನಾನು ಪುಸ್ತಕ ತೆಗೆದುಕೊಂಡೆ.
ಅರಸನ ಪುಟದಿಂದ ಸೆರೆಯಾಳಿನ ಪುಟಕ್ಕೆ
ಹೆಬ್ಬೆರಳಿನಷ್ಟು ದಪ್ಪ.
ಒಂದೇ ದಾರದಲ್ಲಿ ಹೊಲಿದದ್ದು ಎರಡನ್ನೂ,
ದಾರ ಮಾತ್ರ ಹೊಸದು, ಚೀಲ ಹೊಲಿಯುವಂಥದು.

ಪಾದ್ರಿಯನ್ನು ಕೇಳಿದೆ.
ಅಳುವುದಕ್ಕೊಂದು ಕಾಲ, ಕುಣಿಯುವುದಕ್ಕೊಂದು ಕಾಲ ಅಂದರು.
ಕಾಲವೇನೋ ಸರಿ ಸ್ವಾಮಿ,
ಕಲ್ಲು ಜನವರಿಯಲ್ಲೂ ಜೂನಿನಲ್ಲೂ
ಒಂದೇ ಮಾತು ಆಡಬೇಕಲ್ಲ.

ಮದುವೆಮನೆಯಲ್ಲಿ ದ್ರಾಕ್ಷಾರಸ ತೀರಿತೆಂದು
ನೀರಿನ ಬಾನಿಗಳತ್ತ ತಿರುಗಿದವನೇ
ಅಳುವವರು ಧನ್ಯರು ಅಂದದ್ದು.
ಗೆಳೆಯನ ಗೋರಿಯ ಮುಂದೆ ನಿಂತು,
ಇನ್ನು ಅರೆಗಳಿಗೆಗೆ ಇವನು ಎದ್ದು ಬರುತ್ತಾನೆಂದು ಗೊತ್ತಿದ್ದೂ
ಮೊದಲು ಅತ್ತನಲ್ಲ.
ಗೊತ್ತಿದ್ದವನು ಯಾಕೆ ಅತ್ತ?
ಎಬ್ಬಿಸಿದ ಮೇಲೆ ಮುಖ ಯಾವುದರಲ್ಲಿ ಒರೆಸಿಕೊಂಡ?
ಬರೆದವರಿಗೆ ಅದು ಮುಖ್ಯ ಅನ್ನಿಸಲಿಲ್ಲ.

ನೆಲ ನಡುಗಿದ ಆ ಡಿಸೆಂಬರು ಮುಗಿದ ಮೇಲೆ
ಚಳಿಗಾಲ ಪೂರ್ತಿ ಒಂದೇ ತಾರೀಖು ಕೆತ್ತಿದೆ.
ಕೈಗೆ ಎಷ್ಟು ರೂಢಿಯಾಯಿತೆಂದರೆ
ನನ್ನ ಮಗಳ ಕಲ್ಲಿಗೆ ಬಂದಾಗ ಕೈ ನಿಲ್ಲಲೇ ಇಲ್ಲ.
ಅದರ ಕೆಳಗೆ ಒಂದು ಸಾಲಿಗೆ ಜಾಗ ಬಿಟ್ಟೆ.
ಈಗಲೂ ಬಿಟ್ಟಿದೆ.

ಆಗ ನಾವಿದ್ದದ್ದು ತಗಡಿನ ಪೆಟ್ಟಿಗೆಮನೆ.
ಒಂದು ರಾತ್ರಿ ಹೆಂಡತಿ ನಕ್ಕಳು:
ಉಪ್ಪು ಅಂತ ಸಾರಿಗೆ ಸೋಡಾ ಹಾಕಿ,
ಅದು ನೊರೆಯುಕ್ಕಿ ಒಲೆ ಆರಿಸಿದ್ದಕ್ಕೆ.
ಒಂದು ವರ್ಷ ಕ್ಷಮಿಸಲಿಲ್ಲ ನಾನು.
ಎರಡನೆಯ ವರ್ಷ ಅವಳೇ ಇರಲಿಲ್ಲ.

ಮಧ್ಯಾಹ್ನ ಹೆಂಗಸರು ಗಂಟು ಬಿಚ್ಚಿದರು.
ಲವಾಶ್ ರೊಟ್ಟಿ, ಗಿಣ್ಣು, ಹಸಿ ಸೊಪ್ಪು.
ಜಗಳದ ನಡುವೆಯೂ ದೊಡ್ಡ ತುಂಡು ಸೊಸೆಗೆ,
ಕಲ್ಲಿನ ಪುಡಿ ಕೂತ ಅಂಚು ನನಗೆ.
ಜಾವೆನ್ ಮದುವೆಯ ದಿನ
ಎರಡೂ ಎಡಗಾಲಿನ ಬೂಟು ಹಾಕಿಕೊಂಡು ಬಂದ ಕಥೆ ಎದ್ದಿತು.
ಇಡೀ ಇಗರ್ಜಿ ದಾಟಿದ್ದ, ನೆಟ್ಟಗೆ,
ಮುಖದಲ್ಲಿ ಏನೂ ತೋರಿಸದೆ.

ಶೋಘಾಕಾತ್ ನಕ್ಕಳು.
ಸೂತಕದ ಸಾಲು ಬೇಕೆಂದು ಬಂದವಳು
ಹಲ್ಲಿಲ್ಲದ ಬಾಯಿ ತೆರೆದು, ತೊಡೆ ತಟ್ಟಿ.
ಹಿಗ್ಗಿನ ಸಾಲು ಬೇಕೆಂದವಳು
ರೊಟ್ಟಿ ಕೆಳಗಿಟ್ಟು ಎದ್ದಳು,
ಹಿತ್ತಲ ನಲ್ಲಿಯ ಹತ್ತಿರ ಹೋಗಿ
ಪೂರಾ ತಿರುಗಿಸಿದಳು, ನಮಗೆ ಕೇಳಬಾರದೆಂದು.

"ನಿನ್ನ ನೋವು ನನಗಿರಲಿ ಕಣೇ" ಎಂದು ಕೂಗಿದಳು ಮುದುಕಿ,
ಇನ್ನೂ ನಗುತ್ತಲೇ.
ನಮ್ಮೂರಲ್ಲಿ ಈರುಳ್ಳಿ ಮಾರುವವನಿಗೂ ಹೇಳುವ ಮಾತು ಅದು,
ಚಿಲ್ಲರೆ ಕೊಡುವಾಗ.

ಕಲ್ಲಿನ ಮೇಲೆ ಸೀಸದಕಡ್ಡಿಯ ಗೆರೆ,
ಗೆರೆಯ ಮೇಲೆ ಧೂಳು.
ನೀರು ಸುರಿಯುತ್ತಲೇ ಇತ್ತು.
ನಿಲ್ಲಿಸಲು ಯಾರೂ ಏಳಲಿಲ್ಲ.
ಬಿಲ್ಲು ಕಟ್ಟುವವನು ನಾನು.
ಹರಿಯಲಿ ಅಂದೆ.